ದಪ್ಪದ್ದು, ಕಥೆಯದ್ದು, ತೆಳುವಾದದ್ದು: ಮಗಳಿಗೆ ತಂದ ಮೂರು ಬಾಹ್ಯಾಕಾಶ ಪುಸ್ತಕಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೆಳು ಪುಸ್ತಕಕ್ಕೆ. ಬರೀ ಚಂದ್ರನ ಬಗ್ಗೆ ಇರುವ, ನಲವತ್ತು ಪುಟವೂ ಇಲ್ಲದ ಪುಸ್ತಕ ಅದು. ಎಂಟು ವರ್ಷದ ಮಗಳು ಅದನ್ನು ಓದಿದ್ದಕ್ಕಿಂತ ಅದು ಹೇಳಿದ್ದನ್ನು ಮಾಡಿದ್ದೇ ಜಾಸ್ತಿ. ಕಪಾಟಿನಲ್ಲಿ ಅದರ ಜೊತೆ ಇನ್ನೆರಡಿವೆ. ಒಂದು, ಆಕಾಶದಲ್ಲಿರುವುದನ್ನೆಲ್ಲ ಒಳಗೆ ತುಂಬಿಕೊಂಡ ದಪ್ಪ ಸಚಿತ್ರ ವಿಶ್ವಕೋಶ. ಇನ್ನೊಂದು, ಮಾತಾಡುವ ಧೂಮಕೇತು ಇಬ್ಬರು ಮಕ್ಕಳನ್ನು ಗ್ರಹದಿಂದ ಗ್ರಹಕ್ಕೆ ಸುತ್ತಿಸುವ ಕಥೆ ಪುಸ್ತಕ.

ದಪ್ಪ ಪುಸ್ತಕದ ಚಿತ್ರಗಳು ಭರ್ಜರಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಅಳತೆಯದ್ದು. ಎರಡು ಪುಟಕ್ಕೆ ಹರಡಿದ ಸೌರಮಂಡಲದ ಚಿತ್ರದಲ್ಲಿ ಎಂಟೂ ಗ್ರಹಗಳು ಶಾಲೆಯ ಗ್ರೂಪ್ ಫೋಟೋಗೆ ನಿಂತ ಹಾಗೆ ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಗುರು ಗ್ರಹ ಭೂಮಿಯ ಎರಡರಷ್ಟು ಕಾಣುತ್ತದೆ. ನಿಜಕ್ಕೂ ಅದರ ಅಡ್ಡಳತೆ ಭೂಮಿಯ ಸುಮಾರು 11 ಪಟ್ಟು. 109 ಭೂಮಿಗಳನ್ನು ಸಾಲಾಗಿ ಜೋಡಿಸಿದಷ್ಟು ಅಗಲದ ಸೂರ್ಯ ಪುಟದ ಅಂಚಿನಲ್ಲಿ ಒಂದು ಕಿತ್ತಳೆ ಕಮಾನು, ಅಷ್ಟೇ. ಚಂದ್ರನಂತೂ ಭೂಮಿಯಿಂದ ಒಂದು ಬೆರಳು ಆಚೆಗಿದ್ದಾನೆ.

ಜಾಗ ಸಾಲದು, ಒಪ್ಪುತ್ತೇನೆ. ಗಾತ್ರ, ದೂರ ಎರಡನ್ನೂ ಸರಿಯಾದ ಅಳತೆಯಲ್ಲಿ ಒಂದೇ ಹಾಳೆಗೆ ಹಾಕಲು ಹೊರಟರೆ ಗ್ರಹಗಳು ಕಣ್ಣಿಗೇ ಕಾಣುವುದಿಲ್ಲ. ಆದರೆ 'ಈ ಚಿತ್ರ ಅಳತೆಗೆ ತಕ್ಕಂತಿಲ್ಲ' ಅಂತ ಕೆಳಗೆ ಒಂದು ಸಾಲು ಹಾಕಬಹುದಿತ್ತು ಅಲ್ವಾ? ಕೊನೆಯ ಪುಟದವರೆಗೂ ಹುಡುಕಿದೆ, ಎಲ್ಲೂ ಇಲ್ಲ. ಪಕ್ಕದ ಚೌಕದಲ್ಲಿ ಮಾತ್ರ ಚಂದ್ರ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ ಅಂತ ಬರೆದಿದೆ. ಈ ವಯಸ್ಸಿನ ಮಗುವಿಗೆ ಆ ಸಂಖ್ಯೆಯೂ ಒಂದೇ, ಅದರ ಹತ್ತರಷ್ಟೂ ಒಂದೇ. ಚಿತ್ರ ಒಂದು ಹೇಳಿ ಅಂಕಿ ಇನ್ನೊಂದು ಹೇಳಿದರೆ ಮಕ್ಕಳು ನಂಬುವುದು ಚಿತ್ರವನ್ನೇ. ಮಗಳ ತಲೆಯಲ್ಲೂ ಚಂದ್ರ ಬೆರಳಷ್ಟು ದೂರದಲ್ಲೇ ಕೂತುಬಿಟ್ಟ. "ಇಷ್ಟು ಹತ್ರ ಇದ್ರೆ ಹೋಗೋಕೆ ಯಾಕಪ್ಪ ಮೂರು ದಿನ ಬೇಕು?" ಅಂತ ಕೇಳಿದಳು. ಅಪೊಲೊ ಪ್ರಯಾಣದ ವಿಷಯವೂ ಅದೇ ಪುಸ್ತಕದಲ್ಲಿದೆ, ಎಷ್ಟೋ ಪುಟಗಳ ಆಚೆ. ಎರಡನ್ನೂ ಜೋಡಿಸುವ ಕೆಲಸ ಪುಸ್ತಕ ಮಾಡಿಲ್ಲ, ಮಗು ಮಾಡಬೇಕು.

ತೆಳು ಪುಸ್ತಕ ಈ ದೂರಕ್ಕೇ ನಾಲ್ಕು ಪುಟ ಕೊಟ್ಟಿದೆ. ಒಂದು ಬಾಸ್ಕೆಟ್‌ಬಾಲ್, ಒಂದು ಟೆನಿಸ್ ಬಾಲ್ ತಗೋ ಅನ್ನುತ್ತದೆ. ದೊಡ್ಡದು ಭೂಮಿ, ಚಿಕ್ಕದು ಚಂದ್ರ. ಚಂದ್ರನನ್ನು ಎಷ್ಟು ದೂರ ಇಡುತ್ತೀಯ? ಇಟ್ಟು ನೋಡು, ಆಮೇಲೆ ಪುಟ ತಿರುಗಿಸು. ಮಗಳು ಒಂದು ಮಾರು ದೂರ ಇಟ್ಟಳು. ಪುಟ ತಿರುಗಿಸಿದರೆ ಉತ್ತರ ಏಳು ಮೀಟರಿಗೂ ಸ್ವಲ್ಪ ಜಾಸ್ತಿ, ಅಂದರೆ 30 ಬಾಸ್ಕೆಟ್‌ಬಾಲ್ ಸಾಲಾಗಿಟ್ಟಷ್ಟು. ಕೋಣೆ ಸಾಲದೆ ಚಂದ್ರನನ್ನು ಹಿಡಿದುಕೊಂಡು ಬಾಗಿಲು ದಾಟಿ ಹೋದಳು. ಇದೇ ಲೆಕ್ಕದಲ್ಲಿ ಸೂರ್ಯ ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ಆಚೆ ಇರಬೇಕು, ಎಂಟೊಂಬತ್ತು ಮಹಡಿ ಎತ್ತರದ ಚೆಂಡು. 3,84,400 ಅನ್ನುವ ಅಂಕಿ ಬರುವುದು ಇದೆಲ್ಲ ಆದ ಮೇಲೆ, ನಾಲ್ಕನೇ ಪುಟದ ತುದಿಯಲ್ಲಿ. ಆಗ ಅದನ್ನು ಅವಳು ಎರಡು ಸಲ ಓದಿದಳು.

ಹುಣ್ಣಿಮೆ, ಅಮಾವಾಸ್ಯೆಗೂ ಇದೇ ದಾರಿ. ದಪ್ಪ ಪುಸ್ತಕದಲ್ಲಿ ಎಂಟು ವೃತ್ತ, ಒಂದಷ್ಟು ಬಾಣದ ಗುರುತು. ತೆಳು ಪುಸ್ತಕದಲ್ಲಿ ಕತ್ತಲೆ ಕೋಣೆ, ಒಂದೇ ಬಲ್ಬು, ಕೈ ಚಾಚಿ ಹಿಡಿದ ಚೆಂಡು. ನಿಂತಲ್ಲೇ ಎಡಕ್ಕೆ ತಿರುಗುತ್ತಾ ಹೋದರೆ ಚೆಂಡಿನ ಮೇಲೆ ಬಿದಿಗೆ ಚಂದ್ರ, ಅರ್ಧ ಚಂದ್ರ ಒಂದೊಂದಾಗಿ ಮೂಡುತ್ತವೆ. ಬಲ್ಬಿಗೆ ಪೂರ್ತಿ ಬೆನ್ನು ಹಾಕಿದಾಗ ಹುಣ್ಣಿಮೆ ಬರಬೇಕು, ಆದರೆ ಚೆಂಡು ಕಪ್ಪಾಗುತ್ತದೆ. ಪುಸ್ತಕಕ್ಕೆ ಇದು ಗೊತ್ತು, ಬೇಕಂತಲೇ ಮೊದಲು ಹೇಳಿಲ್ಲ. 'ಯಾರ ನೆರಳು ಬಿತ್ತು?' ಅಂತಷ್ಟೇ ಕೇಳುತ್ತದೆ. ಅವಳದೇ ತಲೆಯ ನೆರಳು! ಅದೇ ಚಂದ್ರಗ್ರಹಣ. ಚೆಂಡನ್ನು ತಲೆಗಿಂತ ಕೊಂಚ ಮೇಲೆತ್ತಿದರೆ ಹುಣ್ಣಿಮೆ ಬೆಳಗುತ್ತದೆ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಹುಣ್ಣಿಮೆಗೂ ಗ್ರಹಣ ಆಗುವುದಿಲ್ಲ ಅನ್ನುವ ಸಾಲು ಆಮೇಲೆ ಬರುತ್ತದೆ. ಅಷ್ಟು ಹೊತ್ತಿಗೆ ಆ ಪ್ರಶ್ನೆ ಅವಳದೇ ಆಗಿರುತ್ತದೆ.

ಕಥೆ ಪುಸ್ತಕ ಮಲಗುವ ಹೊತ್ತಿಗೆ ಚೆನ್ನ. ಧೂಮಕೇತು ಜಂಬದ ಸ್ವಭಾವದ್ದು, ಮಗಳಿಗೆ ಇಷ್ಟ. ಆದರೆ ನಾಲ್ಕು ಸಾಲು ತಮಾಷೆ ಮಾಡಿ, ಐದನೇ ಸಾಲಿಗೆ "ಗುರು ಗ್ರಹದ ವ್ಯಾಸ ಸುಮಾರು 1,43,000 ಕಿಲೋಮೀಟರ್, ಮಕ್ಕಳೇ" ಅಂದುಬಿಡುತ್ತದೆ. ಅಲ್ಲಿಗೆ ಕಥೆ ನಿಂತಿತು. ಅಂಥ ಸಾಲು ಬಂದಾಗಲೆಲ್ಲ ಮಗಳು ಸುಮ್ನೆ ಹಾರಿಸುತ್ತಾಳೆ. ಯಾವುದು ನಿಜ, ಯಾವುದು ಕಟ್ಟಿದ್ದು ಅನ್ನುವ ಗೊಂದಲವೂ ಇದೆ. ಗಾಳಿಯೇ ಇಲ್ಲದ ಕಡೆ ಧೂಮಕೇತು ಕೂಗಿದ್ದು ಮಕ್ಕಳಿಗೆ ಹೇಗೆ ಕೇಳಿಸಿತು ಅಂತ ಅವಳೇ ಕೇಳಿದಳು. ಕೊನೆಯಲ್ಲಿ ಒಂದು ಪುಟ ಇದಕ್ಕೆ ಕೊಟ್ಟಿದ್ದರೆ ಸಾಕಿತ್ತು.

ಇನ್ನು ಸಣ್ಣಪುಟ್ಟದ್ದು. ದಪ್ಪ ಪುಸ್ತಕದ ಪುಟಗಳು ಮಿರಿಮಿರಿ ಕಪ್ಪು, ಅಕ್ಷರ ಸಣ್ಣ ಬಿಳಿ. ರಾತ್ರಿ ದೀಪದ ಕೆಳಗೆ ಓದಲು ಹಿಂಸೆ. ಅಂಕಿಗಳು ಬೇಗ ಹಳೆಯದಾಗುತ್ತವೆ: 2025ರ ಮಾರ್ಚ್‌ನಲ್ಲಿ ಶನಿಯ ಚಂದ್ರರ ಪಟ್ಟಿಗೆ ಒಂದೇ ಸಲ 128 ಸೇರಿ 274 ಆಯಿತು, ನಮ್ಮ ಪ್ರತಿಯಲ್ಲಿ ಅದರ ಅರ್ಧವೂ ಇಲ್ಲ. ತೆಳು ಪುಸ್ತಕಕ್ಕೆ ಕೊನೆಯಲ್ಲಿ ವಿಷಯ ಸೂಚಿ ಇಲ್ಲ, ಅದು ನಿಜವಾದ ಕೊರತೆ. ಮತ್ತೆ, ಮಗುವಿನ ಜೊತೆ ದೊಡ್ಡವರೊಬ್ಬರು ಕೂರಲೇಬೇಕು.

ನಮ್ಮ ಮನೆಯಲ್ಲಿ ರಾತ್ರಿ ಊಟದ ಮೇಲೆ ಅರ್ಧ ಗಂಟೆ ಒಟ್ಟಿಗೆ ಕೂರುವ ಅಭ್ಯಾಸ ಇದೆ, ಹಾಗಾಗಿ ಅದು ನನಗೆ ತೊಂದರೆಯಲ್ಲ. ಮಗು ಒಂಟಿಯಾಗಿ ಪುಟ ತಿರುವುತ್ತಾ ಕೂರುವುದಾದರೆ ದಪ್ಪದ್ದೇ ಹೆಚ್ಚು ದಿನ ಬಾಳುತ್ತದೆ. ಆದರೆ ಅದೊಂದರ ಬೆಲೆಗೆ ತೆಳುವಾದವು ಮೂರು ಬರುತ್ತವೆ, ದಪ್ಪದ್ದು ಲೈಬ್ರರಿಯಲ್ಲೂ ಸಿಗುತ್ತದೆ. ಮುಂದಿನದು ಜ್ವಾಲಾಮುಖಿಯ ಬಗ್ಗೆ, ಅದೇ ಮಾಲೆಯದ್ದು. ಪ್ರಯೋಗದ ಪುಟ ನೋಡಿಟ್ಟಿದ್ದೇನೆ, ನೆಲಕ್ಕೆ ಹಳೇ ಪೇಪರ್ ಹಾಸಿಕೊಂಡೇ ಶುರು ಮಾಡಬೇಕು.