ಮೇಜಿನ ಮೇಲಿನ ಆಲ್ಕೋಗೆ ದನಿ: ಮೂರು ದಾರಿ ಹಿಡಿದು ನೋಡಿದ್ದು

ನನ್ನ ಮೇಜಿನ ಮೇಲೆ ಓಡುವ ಪುಟ್ಟ ಮಾದರಿ ರೈಲಿನ ಎಂಜಿನ್ ಅಮೆರಿಕದ್ದು. ಕಿವಿಗೆ ಬೇಕಾದದ್ದು ಬೀರೂರಿನ ಸದ್ದು. ಬ್ರಾಡ್‌ಗೇಜ್ ಬಂದ ಮೇಲಿನ ರಜೆಗಳಲ್ಲಿ ಅಜ್ಜಿ ಮನೆಯಲ್ಲಿ ಮಲಗಿದ್ದಾಗ, ಸಿಗ್ನಲ್ ಸಿಗದೆ ನಿಂತ ಗೂಡ್ಸ್ ಗಾಡಿಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಕತ್ತಲಲ್ಲಿ ಗುಡುಗುಡು ಅನ್ನುತ್ತಿತ್ತು. ಒಂದೇ ಸಮನಾಗಿ ಅಲ್ಲ, ನಡುನಡುವೆ ಹೆಜ್ಜೆ ತಪ್ಪಿದ ಹಾಗೆ, ತುಸು ಕುಂಟುತ್ತ. ಆ ಕುಂಟು ಗುಡುಗಿನಿಂದಲೇ ಆಲ್ಕೋ ಎಂಜಿನ್ ಎಂದು ಹೇಳಿಬಿಡಬಹುದಿತ್ತು.

ಇಲ್ಲಿ ಅಮೆರಿಕದ ನೆಂಟಸ್ತನ ಗಟ್ಟಿಯಾದದ್ದೇ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಆಲ್ಕೋ ಕಂಪನಿಯಿಂದ ಮೊದಲ ಡಬ್ಲ್ಯುಡಿಎಂ-2ಗಳು ಭಾರತಕ್ಕೆ ಬಂದದ್ದು 1962ರಲ್ಲಿ. 1964ರಿಂದ ವಾರಾಣಸಿಯ ಕಾರ್ಖಾನೆಯೇ ಅವನ್ನು ಮಾಡತೊಡಗಿತು. ಒಳಗಿದ್ದದ್ದು 251 ಸರಣಿಯ 16 ಸಿಲಿಂಡರಿನ ಡೀಸೆಲ್ ಎಂಜಿನ್, 2600 ಅಶ್ವಶಕ್ತಿ. ಅದೇ ಸರಣಿಯ 16 ಸಿಲಿಂಡರಿನ ಎಂಜಿನ್ ಆಲ್ಕೋ ಅಮೆರಿಕದಲ್ಲಿ ಮಾಡಿದ ಸೆಂಚುರಿ 628 ಅನ್ನುವ ರೈಲು ಎಂಜಿನ್ನಿನಲ್ಲೂ ಇತ್ತು. ಆಲ್ಕೋ 1969ರಲ್ಲಿ ಅಲ್ಲಿ ಬಾಗಿಲು ಹಾಕಿದ ಮೇಲೂ ಅದರ ಎಂಜಿನ್ ವಾರಾಣಸಿಯಲ್ಲಿ ದಶಕಗಟ್ಟಲೆ ತಯಾರಾಗುತ್ತಲೇ ಇತ್ತು. ಹಾಗಾಗಿ ಬೌಸರ್ ಕಂಪನಿಯ ಸೆಂಚುರಿ 628 ಮಾದರಿಯನ್ನು ಕೊಂಡೆ. ಎಚ್‌ಓ ಅಳತೆ, ಅಂದರೆ ಅಸಲಿನ 87ನೇ ಒಂದು ಪಾಲು. ಹಳಿಗಳ ನಡುವೆ 16.5 ಮಿಲಿಮೀಟರ್. ಸದ್ದಿಲ್ಲದ್ದು, ಆದರೆ ಒಳಗೆ ಸದ್ದಿನ ಬೋರ್ಡು ಸಿಕ್ಕಿಸಲು 21 ಪಿನ್ನಿನ ಸಾಕೆಟ್ ಇದ್ದದ್ದು. 8 ಅಡಿಗೆ 4 ಅಡಿಯ ಪ್ಲೈವುಡ್ ಮೇಲೆ ಅದನ್ನು ಓಡಿಸುತ್ತ, ಎರಡು ವರ್ಷದಲ್ಲಿ ಮೂರು ಬಗೆಯಾಗಿ ದನಿ ಕೂಡಿಸಿ ನೋಡಿದೆ.

ಮೊದಲನೆಯದು ಅಗ್ಗದ ದಾರಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಡಿಎಫ್‌ಪ್ಲೇಯರ್ ಮಿನಿ ಅನ್ನುವ ಪುಟ್ಟ ಎಂಪಿ3 ಬೋರ್ಡು ತಂದೆ. ಇನ್ನೂರು ರೂಪಾಯಿಯೊಳಗೆ ಸಿಗುತ್ತದೆ, ಮೈಕ್ರೋ ಎಸ್‌ಡಿ ಕಾರ್ಡು ಹಿಡಿಯುತ್ತದೆ, 3 ವ್ಯಾಟ್ ಆಂಪ್ಲಿಫೈಯರ್ ಅದರಲ್ಲೇ ಇದೆ. ಅದನ್ನು ನಡೆಸಲು ಜೊತೆಗೊಂದು ಆರ್ಡುಯಿನೋ ನ್ಯಾನೋ, ಪುಟ್ಟ ಕಂಪ್ಯೂಟರಿನಂಥ ಬೋರ್ಡು. ಎಂಜಿನ್ನಿನ ಉದ್ದ ಮೂತಿಯ ಒಳಗೆ 20 ಮಿಲಿಮೀಟರ್ ಅಗಲದ ಬೋರ್ಡು ಕೂರುವುದಿಲ್ಲ, ಆದ್ದರಿಂದ ಎಲ್ಲವನ್ನೂ ಮೇಜಿನ ಕೆಳಗೆ ಜೋಡಿಸಿ 4 ಇಂಚಿನ ಸ್ಪೀಕರನ್ನು ಪ್ಲೈವುಡ್ಡಿಗೆ ಮೇಲ್ಮುಖವಾಗಿ ಬಿಗಿದೆ. ಗೆಳೆಯನೊಬ್ಬ ವರ್ಷಗಳ ಹಿಂದೆ ಗೂಡ್ಸ್ ಶೆಡ್ಡಿನ ಬಳಿ ಫೋನಿನಲ್ಲಿ ಹಿಡಿದಿಟ್ಟಿದ್ದ ಡಬ್ಲ್ಯುಡಿಎಂ-2 ಸದ್ದನ್ನು ಎಂಟು ತುಂಡು ಮಾಡಿದೆ, ಥ್ರಾಟಲಿನ, ಅಂದರೆ ವೇಗದ ಹಿಡಿಯ, ಎಂಟು ನಾಚ್‌ಗಳಿಗೆ (ಮೆಟ್ಟಿಲುಗಳಿಗೆ) ಎಂಟು. ವೇಗದ ಗುಂಡಿ ತಿರುಗಿಸಿದಂತೆ ಆರ್ಡುಯಿನೋ ಒಂದೊಂದೇ ತುಂಡನ್ನು ನುಡಿಸುತ್ತದೆ.

ಮೊದಲ ಸಲ ಹಚ್ಚಿದಾಗ ಮೈ ಜುಮ್ಮೆಂದಿತು. ಅಷ್ಟು ತಗ್ಗಿನ ಸದ್ದನ್ನು ಆಮೇಲೆ ಬಂದ ದುಬಾರಿ ಡಿಕೋಡರ್‌ಗಳಲ್ಲಿ (ಎಂಜಿನ್ನಿನೊಳಗೇ ಕೂರುವ ಸದ್ದಿನ ಬೋರ್ಡುಗಳಲ್ಲಿ) ಒಂದೂ ಕೊಡಲಿಲ್ಲ. ಕಾರಣ ಲೆಕ್ಕದಲ್ಲೇ ಇದೆ. 251 ನಾಲ್ಕು ಸ್ಟ್ರೋಕಿನ ಎಂಜಿನ್, ಹಾಗಾಗಿ ಒಂದು ಸುತ್ತಿಗೆ 16 ಸಿಲಿಂಡರುಗಳಲ್ಲಿ 8 ಉರಿಯುತ್ತವೆ. ನಿಂತಲ್ಲಿ ನಿಮಿಷಕ್ಕೆ 400 ಸುತ್ತು ತಿರುಗುವಾಗ ಸೆಕೆಂಡಿಗೆ 53 ಬಡಿತ. ಎಂಟನೇ ನಾಚಿನಲ್ಲಿ 1000 ಸುತ್ತು, ಸೆಕೆಂಡಿಗೆ 133 ಬಡಿತ. ಅಂಗುಲದಷ್ಟೂ ಇಲ್ಲದ ಸ್ಪೀಕರಿಗೆ ಅಷ್ಟು ತಗ್ಗಿನ ಕಂಪನ ಎಬ್ಬಿಸುವ ಶಕ್ತಿಯೇ ಇಲ್ಲ. 4 ಇಂಚಿನದಕ್ಕೆ ತಕ್ಕಮಟ್ಟಿಗೆ ಇದೆ, ಮೇಲೆ ಪ್ಲೈವುಡ್ಡೂ ಅದರ ಜೊತೆ ನಡುಗಿ ನೆರವಾಗುತ್ತದೆ.

ಆ ಖುಷಿ ಒಂದು ವಾರ ಇತ್ತು. ಮಗಳು ಬಂದು ನೋಡಿ, “ಅಪ್ಪಾ, ರೈಲು ಇಲ್ಲಿದೆ, ಸದ್ದು ಅಲ್ಲಿದೆ” ಅಂದಳು. ಅದಾದ ಮೇಲೆ ನನಗೂ ಅದೇ ಕೇಳತೊಡಗಿತು. ಎರಡು ತುಂಡುಗಳ ನಡುವಿನ ಸಣ್ಣ ಬಿರುಕೂ ಕಾಡುತ್ತಿತ್ತು: ಒಂದು ಫೈಲ್ ಮುಗಿದು ಅದೇ ಮತ್ತೆ ಶುರುವಾಗುವ ಕಡೆ ಈ ಬೋರ್ಡು ಕ್ಷಣಕಾಲ ಉಸಿರು ಹಿಡಿಯುತ್ತದೆ. ಫೈಲನ್ನು ಐದು ನಿಮಿಷಕ್ಕೆ ಉದ್ದ ಮಾಡಿ ಅದನ್ನು ಮರೆಮಾಚಿದೆ.

ನಿಜವಾದ ತಪ್ಪನ್ನು ಹಿಡಿದವರು ಸೋದರಮಾವ. ಹುಬ್ಬಳ್ಳಿ ಕಡೆ ಡ್ರೈವರ್ ಆಗಿ ನಿವೃತ್ತರಾದವರು. ಎರಡು ಸುತ್ತು ಓಡಿಸಿ ತೋರಿಸಿ, “ಹೇಗಿದೆ ಮಾವ?” ಅಂದೆ.

“ಸದ್ದು ಅದೇನೋ ಕಣೋ. ಆದರೆ ಗಾಡಿ ಹಾಗೆ ಹೊರಡಲ್ಲ. ನಾಚ್ ಏರಿಸಿದ ಮೇಲೆ ಎಂಜಿನ್ ಮೊದಲು ದಮ್ಮು ಕಟ್ಟುತ್ತೆ, ಟರ್ಬೋ ಎದ್ದು ಬರಕ್ಕೆ ಹೊತ್ತು ಬೇಕು, ಹೊಗೆ ಉಗುಳುತ್ತೆ. ಆಮೇಲೆ ಗಾಡಿ ಅಲುಗಬೇಕು. ನಿಂದು ಗಾಡಿ ಮೊದಲು ಹೋಗತ್ತೆ, ಸದ್ದು ಹಿಂದೆ ಓಡಿ ಬರತ್ತೆ.”

ಸಾದಾ ಡಿಸಿಯಲ್ಲಿ ಇದಕ್ಕೆ ಮದ್ದಿಲ್ಲ. ಹಳಿಗೆ ವೋಲ್ಟೇಜು ಕೊಟ್ಟರೆ ಮೋಟಾರು ಆ ಕ್ಷಣವೇ ತಿರುಗುತ್ತದೆ. ಅಂದಿನಿಂದ ಮಾವನ ಮಾತೇ ನನ್ನ ಅಳತೆಗೋಲಾಯಿತು: ಸದ್ದು ಚಲನೆಗಿಂತ ಮುಂದೆ ಹೋಗಬೇಕು. ಮುಂದಿನ ಎರಡು ದಾರಿಗಳನ್ನೂ ಇದರಲ್ಲೇ ಅಳೆದೆ.

ಅದಕ್ಕೆ ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್ ಬೇಕಾಯಿತು. ಅದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜು ಇರುತ್ತದೆ, ಆಜ್ಞೆಗಳು ಅದರ ಮೇಲೆಯೇ ಅಂಕಿಗಳಾಗಿ ಹೋಗುತ್ತವೆ, ಎಂಜಿನ್ನಿನೊಳಗಿನ ಡಿಕೋಡರ್ ಅವನ್ನು ಓದಿ ಮೋಟಾರು, ದೀಪ, ಸದ್ದು ಮೂರನ್ನೂ ನಡೆಸುತ್ತದೆ. ಗಾಡಿ ನಿಂತಾಗಲೂ ಎಂಜಿನ್ ಗುಡುಗುಡು ಅನ್ನಬಲ್ಲದು. ನಾನು ಆರ್ಡುಯಿನೋ ಮೆಗಾ ಮೇಲೆ ಡಿಸಿಸಿ-ಇಎಕ್ಸ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡೆ, ಕಂಪ್ಯೂಟರಿನಲ್ಲಿ ಡಿಕೋಡರ್ ಹೊಂದಿಸಲು ಜೆಎಂಆರ್‌ಐ ತಂತ್ರಾಂಶ. ಡಿಕೋಡರ್‌ಗಳು ಒಂದೊಂದೂ ನೂರು ಡಾಲರ್ ಆಚೀಚೆ, ನಮಗೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಭಾವ ಊರಿಗೆ ಬರುವಾಗ ತಂದುಕೊಟ್ಟರು. ಸೌಂಡ್ ಡಿಕೋಡರನ್ನು ಸಾದಾ ಡಿಸಿಯಲ್ಲೂ ಓಡಿಸಬಹುದು ಅನ್ನುತ್ತಾರೆ, ಓಡುತ್ತದೆ ನಿಜ. ಆದರೆ ಹಳಿಗೆ ಸಾಕಷ್ಟು ವೋಲ್ಟೇಜು ಏರುವವರೆಗೆ ಅದು ಬಾಯಿ ಬಿಡುವುದಿಲ್ಲ, ಹಾರ್ನ್ ಒತ್ತಲು ಗುಂಡಿಯಿಲ್ಲ, ಗಾಡಿ ನಿಲ್ಲಿಸಿದರೆ ದನಿಯೂ ಹೋಗುತ್ತದೆ. ಅದಕ್ಕಾಗಿ ಹತ್ತು ಸಾವಿರ ಕೊಡಬೇಡಿ.

ಎರಡನೆಯ ದಾರಿ ಸೌಂಡ್‌ಟ್ರ್ಯಾಕ್ಸ್‌ನ ಸುನಾಮಿ2, ಆಲ್ಕೋ ಬಗೆಯದು. ಕೊಲರಾಡೋದ ಡುರಾಂಗೋ ಊರಿನ ಕಂಪನಿ. ಪೆಟ್ಟಿಗೆ ತೆರೆದು ಸಾಕೆಟ್ಟಿಗೆ ಒತ್ತಿದರೆ ಕೆಲಸ ಶುರು. ಹಲವು ಆಲ್ಕೋ ಎಂಜಿನ್ನುಗಳ ಸದ್ದು ಮೊದಲೇ ಅದರೊಳಗಿದೆ. ಡಿಕೋಡರಿನ ಒಂದೊಂದು ಹೊಂದಿಕೆಗೂ ಸಿವಿ ಅನ್ನುವ ಸಂಖ್ಯೆಯ ಮನೆ ಇರುತ್ತದೆ; ಸಿವಿ 123ರಲ್ಲಿ ಅಂಕಿ ಬದಲಿಸಿದರೆ ಎಂಜಿನ್ ಬದಲು. ಒಟ್ಟು ಸದ್ದಿಗೆ ಸಿವಿ 128, ಹಾರ್ನ್‌ಗೆ 129, ಗಂಟೆಗೆ 130, ಎಂಜಿನ್ನಿಗೆ 131, ಹೀಗೆ ಸಾಲಾಗಿ ಇವೆ, ಚೀಟಿ ಬರೆದಿಟ್ಟುಕೊಂಡರೆ ಕಂಪ್ಯೂಟರೂ ಬೇಡ. ನನಗೆ ತೀರ ಹಿಡಿಸಿದ್ದು ಅದರ ಏಳು ಪಟ್ಟಿಯ ಈಕ್ವಲೈಸರ್. ಪುಟ್ಟ ಸ್ಪೀಕರಿಗೆ ಆಗದ ತಗ್ಗಿನ ಪಟ್ಟಿಗಳನ್ನು ಇಳಿಸಿ, ಅದರ ಮೇಲಿನದನ್ನು ಸ್ವಲ್ಪ ಏರಿಸಿದಾಗ ಗರಗರ ಹೋಗಿ ದನಿಗೆ ಮೈ ಬಂತು. ಮೂಲ ಬಡಿತ ಕೇಳದಿದ್ದರೂ ಅದರ ಎರಡು, ಮೂರು ಮಡಿಯ ಕಂಪನಗಳು ಸರಿಯಾಗಿ ಕೇಳಿಸಿದರೆ ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಈ ಗುಣವಿಲ್ಲದಿದ್ದರೆ ಎಚ್‌ಓ ಎಂಜಿನ್ನಿಗೆ ಸದ್ದು ಕೂಡಿಸುವ ಮಾತೇ ಇರುತ್ತಿರಲಿಲ್ಲ.

ಸದ್ದು ಮುಂದೆ ಹೋಗುತ್ತದೆಯೇ? ಸಿವಿ 3ರಲ್ಲಿ ವೇಗ ಏರುವ ನಿಧಾನವನ್ನು ಹೆಚ್ಚಿಸಿದೆ. ಆಗ ಗುಂಡಿ ತಿರುಗಿಸಿದ ಕೂಡಲೇ ಎಂಜಿನ್ ಏರುತ್ತದೆ, ಗಾಡಿ ಮೆಲ್ಲಗೆ ಹಿಂಬಾಲಿಸುತ್ತದೆ. ಮೋಟಾರಿನ ಮೇಲಿನ ಭಾರವನ್ನು ಅಳೆದು ಸದ್ದು ಹೆಚ್ಚು ಕಡಿಮೆ ಮಾಡುವ ಏರ್ಪಾಡೂ ಇದೆ. ನಾಚನ್ನು ಕೈಯಿಂದಲೇ ಏರಿಸಿ ಇಳಿಸುವ ಗುಂಡಿಗಳನ್ನು ಹಾಕಿಕೊಂಡರೆ ಮಾವ ಹೇಳಿದ ದಮ್ಮು ಕಟ್ಟುವುದನ್ನೂ ಮಾಡಬಹುದು. ಆದರೆ ಒಂದು ಕೈ ವೇಗಕ್ಕೆ, ಒಂದು ನಾಚಿಗೆ. ಗಮನವೆಲ್ಲ ಗುಂಡಿಗಳ ಮೇಲೆ, ಕಣ್ಣು ಗಾಡಿಯ ಮೇಲಿಲ್ಲ. ಇನ್ನೊಂದು ಮಿತಿ: ಒಳಗಿರುವ ಸದ್ದುಗಳಷ್ಟೇ. ಐದು ದನಿಯ ಅಮೆರಿಕನ್ ಹಾರ್ನ್ ಎಷ್ಟೇ ಇಂಪಾದರೂ ನನ್ನ ಬೀರೂರಿನದಲ್ಲ, ಗೆಳೆಯನ ರೆಕಾರ್ಡಿಂಗನ್ನು ಅದಕ್ಕೆ ಹಾಕಲು ದಾರಿಯಿಲ್ಲ.

ಮೂರನೆಯದು ಜರ್ಮನಿಯ ಇಎಸ್‌ಯು ಕಂಪನಿಯ ಲೋಕ್‌ಸೌಂಡ್ 5. ಮೊದಲ ದಿನ ಇದು ಸುಲಭವಾಗಿ ಒಲಿಯುವುದಿಲ್ಲ. ಒಂದೊಂದು ಸದ್ದನ್ನೂ ಬೇರೆಯಾಗಿ ಹೊಂದಿಸಲು ಸಿವಿ 31ಕ್ಕೆ 16, ಸಿವಿ 32ಕ್ಕೆ 1 ಬರೆದು, ಆಮೇಲೆ 259ರಿಂದ ಮುಂದಿನವನ್ನು ತಿದ್ದಬೇಕು. ಕಂಪ್ಯೂಟರಿಲ್ಲದೆ ಮಾಡುವ ಕೆಲಸವಲ್ಲ. ಥ್ರಾಟಲಿನ ಎಫ್8 ಗುಂಡಿ ಒತ್ತುವವರೆಗೆ ಎಂಜಿನ್ನಿನ ಸದ್ದು ಶುರುವಾಗುವುದಿಲ್ಲ. ಸುನಾಮಿಯಲ್ಲಿ ಅದೇ ಎಫ್8 ಬಾಯಿ ಮುಚ್ಚಿಸುವ ಗುಂಡಿ, ಎರಡನ್ನೂ ಇಟ್ಟುಕೊಂಡವರು ಇದನ್ನು ನೆನಪಿಡಿ. ಮೋಟಾರಿಗೆ ಹೊಂದಿಸಿಕೊಳ್ಳಲು ಸಿವಿ 54ಕ್ಕೆ 0 ಬರೆದು ಎಫ್1 ಒತ್ತಿದಾಗ ಎಂಜಿನ್ ಒಮ್ಮೆಲೇ ಪೂರ್ತಿ ವೇಗದಲ್ಲಿ ನುಗ್ಗಿ ನಿಲ್ಲುತ್ತದೆ. ಮುಂದೆ ಒಂದೆರಡು ಮೀಟರ್ ನೇರ ಹಳಿ ಖಾಲಿ ಇರಲಿ. ಅಷ್ಟಾದ ಮೇಲೆ ಅದು ತೆವಳುವ ನಯ ನೋಡಬೇಕು: ಒಂದೊಂದು ಸ್ಲೀಪರ್ ಎಣಿಸಿಕೊಂಡು ಹೋಗುತ್ತದೆ.

ಆದರೆ ನನ್ನನ್ನು ಗೆದ್ದದ್ದು ಎಫ್9. ಅದನ್ನು ಒತ್ತಿದರೆ ಗಾಡಿಯ ವೇಗ ಇದ್ದಲ್ಲೇ ಬೀಗ ಹಾಕಿದಂತೆ ನಿಲ್ಲುತ್ತದೆ, ಆಮೇಲೆ ಥ್ರಾಟಲ್ ತಿರುಗಿಸಿದರೆ ಬದಲಾಗುವುದು ಸದ್ದು ಮಾತ್ರ. ಗಾಡಿ ನಡಿಗೆಯ ವೇಗದಲ್ಲಿದ್ದಾಗ ಎಫ್9 ಒತ್ತಿ ಥ್ರಾಟಲನ್ನು ಕೊನೆಯವರೆಗೆ ತಿರುಗಿಸಿದೆ. ಗಾಡಿ ಅದೇ ನಡಿಗೆ. ಎಂಜಿನ್ ಒಂದೊಂದೇ ನಾಚ್ ಏರುತ್ತ, ಟರ್ಬೋದ ಸಿಳ್ಳೆ ಮೇಲೇಳುತ್ತ, ಎಂಟನೆಯದಕ್ಕೆ ಹೋಗಿ ಅಬ್ಬರಿಸಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ನಡುವಿನ 50ಕ್ಕೆ 1ರ ಏರಿನಲ್ಲಿ ಭರ್ತಿ ಗೂಡ್ಸ್ ಹತ್ತುವ ಹಾಗೆ. ನನ್ನ ಮೇಜು ಪೂರ್ತಿ ಸಮತಟ್ಟು, ಹಿಂದಿದ್ದದ್ದು ಆರು ಪ್ಲಾಸ್ಟಿಕ್ ವ್ಯಾಗನ್. ಕಣ್ಣಿಗೆ ಅದು ಕಾಣಲೇ ಇಲ್ಲ. ಎಫ್9 ಬಿಟ್ಟಾಗ ಗಾಡಿ ಥ್ರಾಟಲ್ ಹೇಳಿದ ವೇಗಕ್ಕೆ ನಿಧಾನವಾಗಿ ಏರಿತು. ಸದ್ದು ಮುಂದೆ, ಚಲನೆ ಹಿಂದೆ, ಒಂದೇ ಬೆರಳಲ್ಲಿ. ಮಾವನಿಗೆ ತೋರಿಸಿದೆ. ಅವರು ಮಾತಾಡಲಿಲ್ಲ, ಥ್ರಾಟಲ್ ಕೈಗೆ ತೆಗೆದುಕೊಂಡು ಮುಕ್ಕಾಲು ಗಂಟೆ ಓಡಿಸಿದರು.

ನನ್ನದೇ ಸದ್ದು ಹಾಕಲು ಲೋಕ್‌ಪ್ರೋಗ್ರಾಮರ್ ಅನ್ನುವ ಪೆಟ್ಟಿಗೆ ಬೇಕು, ಬೆಲೆ ಡಿಕೋಡರಿಗಿಂತ ಹೆಚ್ಚು. ಒಂದೇ ಎಂಜಿನ್ ಇರುವವರು ಅದನ್ನು ಕೊಳ್ಳುವುದು ಬೇಡ, ಇದ್ದವರಿಂದ ಒಂದು ಭಾನುವಾರ ಕೇಳಿ ಪಡೆಯಿರಿ. ನಾನು ಹಾಗೇ ಮಾಡಿದೆ. ಕಂಪನಿಯ ಆಲ್ಕೋ ಸದ್ದು ಉಚಿತವಾಗಿ ಸಿಗುತ್ತದೆ. ಅದರೊಳಗಿನ ಹಾರ್ನ್ ತೆಗೆದು ಗೆಳೆಯನ ರೆಕಾರ್ಡಿಂಗಿನ ಹಾರ್ನ್ ಕೂರಿಸಿದೆ. ಶುರು, ನಡು, ಕೊನೆ ಎಂದು ಮೂರು ತುಂಡು ಮಾಡಬೇಕು. ಒತ್ತಿ ಹಿಡಿದಷ್ಟು ಹೊತ್ತು ನಡುವಿನದು ಸುತ್ತುತ್ತಿರುತ್ತದೆ. ಎರಡು ಸಂಜೆ ಹಿಡಿಯಿತು.

ಇಷ್ಟೆಲ್ಲ ಹೇಳಿದ ಮೇಲೂ, ಡಿಕೋಡರ್ ಯಾವುದು ಅನ್ನುವುದಕ್ಕಿಂತ ಸ್ಪೀಕರನ್ನು ಹೇಗೆ ಕೂರಿಸಿದಿರಿ ಅನ್ನುವುದು ಕಿವಿಗೆ ಹೆಚ್ಚು ತಟ್ಟುತ್ತದೆ. ಎರಡು ಡಿಕೋಡರನ್ನೂ ಒಂದೇ ಸ್ಪೀಕರಿನಲ್ಲಿ ಕೇಳಿಸಿಕೊಂಡೆ: ಮೊಬೈಲ್ ಫೋನಿನಲ್ಲಿ ಬರುವಂಥ, ಶುಗರ್ ಕ್ಯೂಬ್ ಅಂತ ಕರೆಯುವ 11ಕ್ಕೆ 15 ಮಿಲಿಮೀಟರಿನದು, 8 ಓಮ್. ಬರಿದೇ ನುಡಿಸಿದರೆ ಸೊಳ್ಳೆಯ ದನಿ. ಮುಂದೆ ತಳ್ಳಿದ ಗಾಳಿಯೂ ಹಿಂದೆ ಎಳೆದ ಗಾಳಿಯೂ ಅಂಚಿನಲ್ಲಿ ಕೂಡಿ ಒಂದನ್ನೊಂದು ಅಳಿಸುತ್ತವೆ. ಹಿಂದೆ ಗಾಳಿಯಾಡದ ಡಬ್ಬಿ ಇದ್ದರೆ ಮಾತ್ರ ದನಿ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೂರು ಅಳತೆಯ ಡಬ್ಬಿ ಮಾಡಿದೆ, ಆಳ ಹೆಚ್ಚಾದಷ್ಟೂ ದನಿ ಕೆಳಗಿಳಿಯಿತು. ಅಂಚಿಗೆ ಎಂ-ಸೀಲ್ ಮೆತ್ತಿ, ಸೂಪರ್ ಗ್ಲೂ ಬೇಡ. ಅದು ಹರಿದು ಪೊರೆಗೆ ತಗಲಿ ನನ್ನ ಒಂದು ಸ್ಪೀಕರ್ ಹಾಳಾಯಿತು. ಲೋಕ್‌ಸೌಂಡ್ 5ಕ್ಕೆ 4ರಿಂದ 32 ಓಮ್‌ವರೆಗೆ ನಡೆಯುವುದರಿಂದ ಕೊನೆಗೆ ಎರಡು ಕ್ಯೂಬುಗಳನ್ನು ಒಂದೇ ಡಬ್ಬಿಯಲ್ಲಿ ಹಾಕಿದೆ. ಆ ಬದಲಾವಣೆ ಡಿಕೋಡರ್ ಬದಲಿಸಿದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು.

ಸದ್ದನ್ನು ತಗ್ಗಿಸಿ ಅಂತಲೂ ಕೇಳಿಕೊಳ್ಳುತ್ತೇನೆ. ಮೇಜಿನಿಂದ 3 ಅಡಿ ದೂರ ನಿಂತವರು ಅಸಲು ಎಂಜಿನ್ನಿನಿಂದ 260 ಅಡಿ ದೂರ ನಿಂತ ಲೆಕ್ಕ. ಲೋಕ್‌ಸೌಂಡಿನ ಸಿವಿ 63 ಏರುವುದು 192ರವರೆಗೆ, ನನ್ನದು 70ರಲ್ಲಿದೆ. ತಗ್ಗಿಸಿದರೆ ಗರಗರವೂ ಇಲ್ಲ, ಮನೆಯವರ ತಲೆನೋವೂ ಇಲ್ಲ.

ಹಳಿಯ ಕೊಳೆ ಸದ್ದಿಲ್ಲದ ಎಂಜಿನ್ನಿಗೆ ಹೇಗೋ ನಡೆದೀತು, ಸದ್ದಿನದಕ್ಕೆ ನಡೆಯುವುದಿಲ್ಲ. ಬೆಂಗಳೂರಿನ ಧೂಳಿಗೆ ಎರಡು ದಿನ ಸಾಕು, ಎಂಜಿನ್ ಕ್ಷಣಕ್ಕೊಮ್ಮೆ ಬಿಕ್ಕುತ್ತದೆ. ಎರಡೂ ಕಂಪನಿಗಳು ಕೆಪಾಸಿಟರಿನ ಪುಟ್ಟ ಪೆಟ್ಟಿಗೆ ಮಾರುತ್ತವೆ, ವಿದ್ಯುತ್ ತಪ್ಪಿದ ಗಳಿಗೆಯನ್ನು ಅದು ದಾಟಿಸುತ್ತದೆ. ಡಿಕೋಡರ್ ಜೊತೆಗೇ ಕೊಂಡುಬಿಡಿ, ಮತ್ತೊಮ್ಮೆ ಎಂಜಿನ್ ಬಿಚ್ಚುವ ಕೆಲಸ ತಪ್ಪುತ್ತದೆ.

ಈಗ ಸೆಂಚುರಿಯಲ್ಲಿ ಇರುವುದು ಲೋಕ್‌ಸೌಂಡ್. ಸುನಾಮಿ2 ತೆಗೆದು ಯಾರ್ಡಿನ ಇನ್ನೊಂದು ಆಲ್ಕೋ ಮಾದರಿ, ಆರ್‌ಎಸ್-11ಕ್ಕೆ ಹಾಕಿದ್ದೇನೆ. ಅದು 12 ಸಿಲಿಂಡರಿನ 251, ಹಿಂದೆ ಮುಂದೆ ಓಡಾಡಿ ವ್ಯಾಗನ್ ಜೋಡಿಸುವ ಎಂಜಿನ್ನಿಗೆ ಅದರ ಚುರುಕು ಚೆನ್ನಾಗಿ ಒಪ್ಪಿದೆ. ಮೇಜಿನ ಕೆಳಗಿನ ಇನ್ನೂರು ರೂಪಾಯಿ ಬೋರ್ಡನ್ನೂ ಬಿಚ್ಚಲಿಲ್ಲ. ಎಂಟು ತುಂಡುಗಳಲ್ಲಿ ನಿಂತ ಎಂಜಿನ್ನಿನದೊಂದನ್ನೇ ಉಳಿಸಿ, ತಗ್ಗಿನ ಕಂಪನವಷ್ಟೇ ಬರುವ ಹಾಗೆ ಸೋಸಿ, ತೀರ ಸಣ್ಣಗೆ ಹಚ್ಚಿಟ್ಟಿದ್ದೇನೆ. ಸೆಂಚುರಿ ಸ್ಟೇಷನ್ನಿನಲ್ಲಿ ನಿಂತಾಗ ಎಂಜಿನ್ನಿನ ದನಿ ಎಂಜಿನ್ನಿನಿಂದಲೇ ಬರುತ್ತದೆ, ನಡುಕ ಪ್ಲೈವುಡ್ಡಿನಿಂದ. ಮೇಜಿನ ಅಂಚಿನ ಮೇಲೆ ಕೈಯಿಟ್ಟರೆ ತಿಳಿಯುತ್ತದೆ.