‘ಕಾಗೆ’ ‘ತಾಗೆ’ ಆದಾಗ: ವಿಡಿಯೊ ಕರೆಯೋ, ಮನೆಯ ಅಭ್ಯಾಸವೋ?

ಐದು ವರ್ಷದ ಮಗು ‘ಕಾಗೆ’ಗೆ ‘ತಾಗೆ’ ಎಂದರೆ, ನಾಲಿಗೆಯ ಹಿಂಭಾಗ ಏಳಬೇಕಾದಲ್ಲಿ ತುದಿ ಏಳುತ್ತಿದೆ. ಇದನ್ನು ಗುರುತಿಸಲು ಉಚ್ಚಾರಣೆ ತಿದ್ದುವ ವಾಕ್ ತಜ್ಞರಿಗೆ ವಿಡಿಯೊ ಕರೆ ಸಾಕು. ಕ್ಯಾಮೆರಾ ಬಾಯಿಯ ಮಟ್ಟದಲ್ಲಿರಲಿ, ಬೆಳಕು ಎದುರಿನಿಂದ ಬೀಳಲಿ. ಆದರೆ ‘ಸ’–‘ಶ’ ವ್ಯತ್ಯಾಸ ಕರೆಯಲ್ಲಿ ಮಸುಕಾಗುತ್ತದೆ, ರೆಕಾರ್ಡ್ ಮಾಡಿ ಕಳಿಸುವುದೇ ಮೇಲು. ಶ್ರವಣ ಪರೀಕ್ಷೆಗಂತೂ ಖುದ್ದಾಗಿ ಹೋಗಬೇಕು.

ತಿದ್ದುವ ಕೆಲಸಕ್ಕೆ ಮನೆಯೇ ಸರಿ. ಮಗುವನ್ನು ಅಂಗಾತ ಮಲಗಿಸಿ ‘ಕ’ ಹೇಳಿಸಿ, ನಾಲಿಗೆ ಹಿಂದೆ ಜಾರಲು ಸುಲಭ. ಬಂದ ಮೇಲೆ ‘ಕಾ, ಕೂ’, ಆಮೇಲೆ ‘ಕಾಲು’. ‘ಕಲೆ’, ‘ತಲೆ’ ಚಿತ್ರ ಎದುರಿಡಿ, ಮಗು ಒಂದನ್ನು ಕೇಳಲಿ. ‘ಕಲೆ’ ಬೇಕಿದ್ದು ‘ತಲೆ’ ಅಂದರೆ ತಲೆಯ ಚಿತ್ರವನ್ನೇ ಕೊಡಿ, ತಪ್ಪು ಅದಕ್ಕೇ ಹೊಳೆಯುತ್ತದೆ. ದಿನಕ್ಕೆರಡು ಸಲ, 5 ನಿಮಿಷ. ‘ಸರಿಯಾಗಿ ಹೇಳು’ ಎಂದು ಗದರಿದಿರೋ, ಬಾಯಿ ಮುಚ್ಚಿತು ಅಂತಲೇ ಲೆಕ್ಕ.