ಎಫ್‌ಎಕ್ಸ್-991ಇಎಸ್ ಪ್ಲಸ್: ಡಿಪ್ಲೊಮಾ, ಇಂಜಿನಿಯರಿಂಗ್ ಮಕ್ಕಳಿಗೆ ಇದೇ ಸಾಕು

ಬಸವನಗುಡಿಯಲ್ಲಿ ಡಿಪ್ಲೊಮಾ, ಇಂಜಿನಿಯರಿಂಗ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಸೆಮಿಸ್ಟರ್ ಶುರುವಾದರೆ ಸಾಕು, "ಮೇಡಂ, ಯಾವ ಕ್ಯಾಲ್ಕುಲೇಟರ್ ತಗೊಳ್ಳಲಿ?" ಅಂತ ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾರೆ. ನಾನು ಹೇಳುವುದು ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್.

ಮುಖ್ಯ ಕಾರಣ ಸ್ಕ್ರೀನ್. ಭಿನ್ನರಾಶಿ, ವರ್ಗಮೂಲ, ಇಂಟಿಗ್ರೇಷನ್ ಎಲ್ಲ ಪುಸ್ತಕದಲ್ಲಿ ಇರುವ ಹಾಗೇ ಕಾಣುತ್ತದೆ, ಹಾಗಾಗಿ ತಪ್ಪು ಒತ್ತಿದ್ದು ಅಲ್ಲೇ ಕಣ್ಣಿಗೆ ಬೀಳುತ್ತದೆ. ಹಳೆಯ 991ಎಂಎಸ್‌ನಲ್ಲಿ ಎಲ್ಲವೂ ಒಂದೇ ಸಾಲು. ಉದ್ದದ ಲೆಕ್ಕದಲ್ಲಿ ಒಂದು ಬ್ರಾಕೆಟ್ ಬಿಟ್ಟುಹೋದರೆ ಹುಡುಕುವಷ್ಟರಲ್ಲಿ ಸಾಕಾಗುತ್ತದೆ. 82ಎಂಎಸ್ ಅಗ್ಗ, ಸೈನ್, ಕಾಸ್, ಲಾಗ್‌ಗೆ ಅದು ಸಾಕು, ಆದರೆ ಮ್ಯಾಟ್ರಿಕ್ಸ್ ಇಲ್ಲ, ಇಂಟಿಗ್ರೇಷನ್ ಇಲ್ಲ.

ಹೊಸದು 991ಸಿಡಬ್ಲ್ಯೂ. ಯಂತ್ರ ಚೆನ್ನಾಗಿದೆ. ನಾಲ್ಕು ಅವ್ಯಕ್ತಗಳ ಸಮೀಕರಣವನ್ನೂ ಬಿಡಿಸುತ್ತದೆ, ಇಎಸ್ ಪ್ಲಸ್‌ಗೆ ಮೂರೇ. ಆದರೆ ಅದರಲ್ಲಿ ಮೋಡ್ ಕೀ ಇಲ್ಲ, ಹೋಮ್ ಇದೆ. ಸಮ ಚಿಹ್ನೆಯ ಜಾಗದಲ್ಲಿ ಇಎಕ್ಸ್‌ಇ. ಇಂಟಿಗ್ರೇಷನ್ ಬೇಕಾದರೆ ಕ್ಯಾಟಲಾಗ್ ಒಳಗೆ ಹುಡುಕಬೇಕು. ಸೀನಿಯರ್‌ಗಳು ಹೇಳಿಕೊಡುವ "ಮೋಡ್ 5, ಆಮೇಲೆ 3 ಒತ್ತು, ಕ್ವಾಡ್ರಾಟಿಕ್ ಬರುತ್ತೆ" ಸಿಡಬ್ಲ್ಯೂನಲ್ಲಿ ನಡೆಯುವುದಿಲ್ಲ. ಮೊದಲ ವರ್ಷದಲ್ಲೇ ತಗೊಂಡು ಕೈ ಪಳಗಿಸಿಕೊಳ್ಳುವುದಾದರೆ ಸರಿ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ದಯವಿಟ್ಟು ಕ್ಯಾಲ್ಕುಲೇಟರ್ ಬದಲಾಯಿಸಬೇಡಿ.

ಮಕ್ಕಳು ಜಾಸ್ತಿ ಮಾರ್ಕ್ಸ್ ಕಳೆದುಕೊಳ್ಳುವುದು ಸ್ಕ್ರೀನಿನ ಮೇಲಿರುವ ಪುಟ್ಟ ಡಿ ಅಥವಾ ಆರ್ ನೋಡದೆ. ಸೈನ್ 30 ಒತ್ತಿ: ಡಿಗ್ರಿಯಲ್ಲಿದ್ದರೆ 0.5, ರೇಡಿಯನ್‌ನಲ್ಲಿದ್ದರೆ -0.988. ಇದು ಹೇಗೋ ಗೊತ್ತಾಗಿಬಿಡುತ್ತದೆ. ಇಂಟಿಗ್ರೇಷನ್‌ನಲ್ಲಿ ಗೊತ್ತಾಗುವುದಿಲ್ಲ ನೋಡಿ. ಸೈನ್ ಎಕ್ಸ್ ಅನ್ನು 0 ಇಂದ ಪೈವರೆಗೆ ಇಂಟಿಗ್ರೇಟ್ ಮಾಡಿದರೆ 2 ಬರಬೇಕು. ಡಿಗ್ರಿಯಲ್ಲೇ ಬಿಟ್ಟಿದ್ದರೆ 0.086 ಬರುತ್ತದೆ, ಹುಡುಗರು ಅದನ್ನೇ ನಂಬಿ ಬರೆದುಬರುತ್ತಾರೆ. ಇಎಸ್ ಪ್ಲಸ್‌ನಲ್ಲಿ ಶಿಫ್ಟ್, ಮೋಡ್, 4 ಒತ್ತಿದರೆ ರೇಡಿಯನ್. 3 ಒತ್ತಿದರೆ ಡಿಗ್ರಿ.

ಇನ್ನೊಂದು ವಿಷಯ, ಎಲೆಕ್ಟ್ರಾನಿಕ್ಸ್‌ನವರಿಗೆ. 1÷2π ಅಂತ ಗುಣಾಕಾರ ಚಿಹ್ನೆ ಇಲ್ಲದೆ ಒತ್ತಿದರೆ ಇಎಸ್ ಪ್ಲಸ್ 2π ಅನ್ನು ಒಟ್ಟಿಗೆ ತಗೊಂಡು 0.159 ಕೊಡುತ್ತದೆ. ನಡುವೆ ಗುಣಾಕಾರ ಹಾಕಿದರೆ 1.57. ಫ್ರೀಕ್ವೆನ್ಸಿ ಸೂತ್ರದಲ್ಲಿ ಇದು ಆಗಾಗ ಕೈಕೊಡುತ್ತದೆ. ಬ್ರಾಕೆಟ್ ಹಾಕಿಬಿಡಿ, ಅನುಮಾನವೇ ಬೇಡ.

ಈಕ್ವೇಷನ್ ಮೋಡ್ (ಅದೇ ಮೋಡ್ 5) ಇದೆ ಅಂತ ಉತ್ತರ ಮಾತ್ರ ಬರೆದರೆ ಹಂತಗಳ ಮಾರ್ಕ್ಸ್ ಹೋಗುತ್ತದೆ. ಅದು ತಾಳೆ ನೋಡಲಿಕ್ಕೆ. ಜೆಇಇ, ನೀಟ್, ಸಿಇಟಿಗೆ ಕ್ಯಾಲ್ಕುಲೇಟರ್ ಬಿಡುವುದೇ ಇಲ್ಲ, ಸಿಬಿಎಸ್‌ಇ ಬೋರ್ಡ್ ಪರೀಕ್ಷೆಗೂ ಸಾಮಾನ್ಯವಾಗಿ ಇಲ್ಲ. ಅದಕ್ಕೇ ಪಿಯುಸಿಯಲ್ಲಿ ಇರುವಾಗಲೇ ದುಬಾರಿ ಮಾಡೆಲ್ ಕೊಡಿಸುವ ಅಪ್ಪ-ಅಮ್ಮಂದಿರಿಗೆ ನಾನು ಬೇಡ ಅನ್ನುತ್ತೇನೆ, ಮಗುವಿಗೆ ಕೈಲೆಕ್ಕದ ಅಭ್ಯಾಸ ತಪ್ಪಿಹೋಗುತ್ತದೆ. ಇಂಜಿನಿಯರಿಂಗ್ ಮುಗಿಸುವವರು ಬರೆಯುವ ಗೇಟ್ ಪರೀಕ್ಷೆಯಲ್ಲಿ ಕಂಪ್ಯೂಟರ್ ಪರದೆಯ ಮೇಲೆಯೇ ಒಂದು ಕ್ಯಾಲ್ಕುಲೇಟರ್ ಕೊಡುತ್ತಾರೆ.

ಎಸ್‌ಪಿ ರೋಡ್, ಅವೆನ್ಯೂ ರೋಡ್ ಕಡೆ ಸುತ್ತಿದರೆ ಸಿಗುತ್ತದೆ. ಬೆಲೆ ತೀರಾ ಕಮ್ಮಿ ಹೇಳಿದರೆ ಡೂಪ್ಲಿಕೇಟ್ ಇರಬಹುದು. ನನ್ನ ವಿದ್ಯಾರ್ಥಿಯೊಬ್ಬ ತಂದದ್ದು ಹಾಗೇ ಆಯಿತು, ಒಂದು ಸೆಮಿಸ್ಟರ್ ಮುಗಿಯುವ ಮೊದಲೇ ಕೀಗಳು ಒಳಗೇ ಸಿಕ್ಕಿಹಾಕಿಕೊಂಡವು. ಅಂಗಡಿಯಲ್ಲೇ ಒಂದು ಇಂಟಿಗ್ರೇಷನ್, ಒಂದು ಮ್ಯಾಟ್ರಿಕ್ಸ್ ಮಾಡಿ ನೋಡಿ, ಬಿಲ್ ಮತ್ತು ವಾರಂಟಿ ಕಾರ್ಡ್ ಕೇಳಿ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಶಿಫ್ಟ್, 9, 3, ಸಮ ಚಿಹ್ನೆ ಒತ್ತಿ ಎಲ್ಲ ಅಳಿಸಿ ಬಳಸಿ. ಹಾಗೆ ಮಾಡಿದ ಮೇಲೆ ಡಿಗ್ರಿಗೆ ಬಂದಿರುತ್ತದೆ, ಮರೆಯಬೇಡಿ.